ಅವಳಿ ನಗರದ ನೌಕಾಪ್ರಜ್ಞೆ: ಒಂದು ಬಹುಶಿಸ್ತೀಯ ಮುಖಾಮುಖಿ

ಸಮುದ್ರವಿಲ್ಲದ ಊರಿನ ಜನ ಹಡಗು ಹತ್ತಿದಾಗ ಉಂಟಾಗುವ ಸಾಂಸ್ಕೃತಿಕ ಪಲ್ಲಟಗಳನ್ನು ವಸಾಹತೋತ್ತರ ಪರಿಪ್ರೇಕ್ಷ್ಯದಲ್ಲಿಟ್ಟು, ದೇಸಿ ಕಣ್ಣೋಟದಿಂದ ಮುರಿದು ಕಟ್ಟಿ, ಆ ಕಟ್ಟುವಿಕೆಯ ಒಡಲೊಳಗೆ ಅಡಗಿದ ಯಜಮಾನಿಕೆಯ ಸಂಕಥನವನ್ನು ಅನನ್ಯತೆಯ ನೆಲೆಯಲ್ಲಿ ಮರುಓದುವುದು ಪ್ರಸ್ತುತ ಪ್ರಬಂಧದ ಆಶಯ. ಈ ವಾಕ್ಯ ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ಧಾರವಾಡದ ವಿಚಾರ ಸಂಕಿರಣಗಳಲ್ಲಿ ಇಂಥ ವಾಕ್ಯಕ್ಕೆ ಸುಮ್ಮನೆ ತಲೆಯಾಡಿಸಿದವರಿಗೂ ಊಟದ ಕೂಪನ್ನು ಸಿಕ್ಕೇ ಸಿಗುತ್ತದೆ. ಪರಿಪ್ರೇಕ್ಷ್ಯವಿಲ್ಲದೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದೆ ಅಂಕವಿಲ್ಲ, ಅಂಕವಿಲ್ಲದೆ ಬಡ್ತಿಯಿಲ್ಲ. ಬಡ್ತಿ ಸಿಕ್ಕವರಷ್ಟೇ ಕ್ರೂಸಿಗೆ ಹೋಗಬಲ್ಲರು. ಆದ್ದರಿಂದ ವಿಷಯಕ್ಕೂ ವಿಧಾನಕ್ಕೂ ಸಾವಯವ ಸಂಬಂಧವಿದೆ ಎಂದು ಇಲ್ಲಿಗೇ ಸಿದ್ಧವಾಯಿತು.

ಅಧ್ಯಾಯ ಒಂದು: ಚಾರಿತ್ರಿಕ ನೆಲೆಗಳು. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಸೀಮೆಯಿಂದ ದೊಡ್ಡ ಸಂಖ್ಯೆಯಲ್ಲಿ ಹಡಗು ಹತ್ತಿದ ಪ್ರಯಾಣಿಕರೆಂದರೆ ಹತ್ತಿಯ ಅಂಡಿಗೆಗಳು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಬರುವುದು ನಿಂತಾಗ ಲ್ಯಾಂಕಾಶೈರಿನ ಗಿರಣಿಗಳ ಕಣ್ಣು ನಮ್ಮ ಎರಿಹೊಲಗಳ ಮೇಲೆ ಬಿತ್ತು. ಅಂಡಿಗೆಗಳು ಚಕ್ಕಡಿ ಏರಿದವು, ಘಟ್ಟ ಇಳಿದವು, ಕುಮಟೆಯ ಬಂದರಿನಿಂದ ಮುಂಬೈಗೆ, ಅಲ್ಲಿಂದ ಲಿವರ್‌ಪೂಲಿಗೆ ಹೋದವು. ಅಲ್ಲಿಯ ಪೇಟೆಯಲ್ಲಿ ಧಾರವಾಡದ ನಾಟಿ ಹತ್ತಿಗೆ ಬಿದ್ದ ಹೆಸರು ‘ಕುಮಟಾ’. ಬೆವರು ನವಲಗುಂದದ್ದು, ಹೆಸರು ಬಂದರಿನದು. ಈ ಪ್ರಯಾಣಿಕರ ಅನುಭವಕಥನಗಳು ಲಭ್ಯವಿಲ್ಲ; ಒತ್ತಿ ಒತ್ತಿ ಬಿಗಿದಿದ್ದರಿಂದ ಬಾಯಿ ತೆರೆಯಲು ಅವಕ್ಕೆ ಆಸ್ಪದವಿರಲಿಲ್ಲ. ವಿದ್ವಾಂಸರು ಇದನ್ನು ‘ಮೌನದ ಸಂಕಥನ’ ಎನ್ನುತ್ತಾರೆ. 1880ರ ದಶಕ ಮುಗಿಯುವುದರೊಳಗೆ ಕ್ಯಾಸಲ್‌ರಾಕ್ ದಾಟಿ ಮುರಗಾಂವ ಬಂದರಿಗೆ ರೈಲು ಬಂತು, ಕುಮಟೆಯ ದೋಣಿಗಳ ಕಾಲ ಮುಗಿಯಿತು. ಆಮೇಲೆ 2021ರವರೆಗೆ ಈ ಪ್ರಬಂಧಕ್ಕೆ ಬೇಕಾದ್ದು ಏನೂ ಆಗಲಿಲ್ಲ.

2021ರ ಸೆಪ್ಟೆಂಬರಿನಲ್ಲಿ ‘ಎಂಪ್ರೆಸ್’ ಎಂಬ ಹಡಗು ಮುಂಬೈಯಿಂದ ಗೋವಾ, ಲಕ್ಷದ್ವೀಪಗಳ ಕಡೆ ಕ್ರೂಸು ಹೊರಡತೊಡಗಿತು. 1990ರಲ್ಲಿ ಕಟ್ಟಿ, ಪರದೇಶದ ನೀರಿನಲ್ಲಿ ಸಾಕಷ್ಟು ತಿರುಗಿ, ಇಲ್ಲಿಗೆ ಬಂದು ಹೊಸ ಸೊಸೆ ಎನಿಸಿಕೊಂಡದ್ದು. ಜೈನ ಅಡುಗೆಯೂ ಸಿಗುತ್ತದೆಂಬ ಸುದ್ದಿ ಹುಬ್ಬಳ್ಳಿಯ ಪೇಟೆಗಳಲ್ಲಿ ಹಬ್ಬಿದ್ದೇ ತಡ, ನಮ್ಮಲ್ಲೊಂದು ನೌಕಾಪ್ರಜ್ಞೆ ಮೊಳೆಯಿತು.

ಅಧ್ಯಾಯ ಎರಡು: ವರ್ಗೀಕರಣ. ಅವಳಿ ನಗರದ ನೌಕಾಯಾತ್ರಿಗಳನ್ನು ಸೈದ್ಧಾಂತಿಕವಾಗಿ ಒಂಬತ್ತು ವರ್ಗಗಳಲ್ಲಿ ವಿಂಗಡಿಸಬಹುದು.

ಮೊದಲನೆಯದು ರೊಟ್ಟಿವಾಹಕ ವರ್ಗ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿಗಳನ್ನು ಬಟ್ಟೆಯ ನಡುವೆ ಅಡಗಿಸಿ ಒಯ್ಯುವವರು. ಹೊರಗಿನ ತಿನಿಸನ್ನು ಒಳಗೆ ಬಿಡುವುದಿಲ್ಲವೆಂಬುದು ಬಹುತೇಕ ಹಡಗುಗಳ ನಿಯಮ. ಎಕ್ಸ್‌ರೇ ಯಂತ್ರದ ಮುಂದೆ ಕೂತ ಪರಪ್ರಾಂತದ ಹುಡುಗನಿಗೆ ಆ ದುಂಡನೆಯ ಬಿಲ್ಲೆಗಳ ಅಟ್ಟಿ ಏನೆಂದು ತಿಳಿಯದೆ ಆತ ಮೇಲಧಿಕಾರಿಯನ್ನು ಕರೆಯುತ್ತಾನೆ. ಇಲ್ಲಿ ಜರುಗುವುದು ಪ್ರಾದೇಶಿಕ ಅಸ್ಮಿತೆ ಮತ್ತು ಜಾಗತಿಕ ಬಂಡವಾಳಗಳ ಮುಖಾಮುಖಿ. ಪ್ರಾಯೋಗಿಕವಾಗಿ ಹೇಳುವುದಾದರೆ, ರೊಟ್ಟಿಯನ್ನು ಮುಂಬೈವರೆಗಿನ ಬಸ್ಸಿನಲ್ಲೇ ಮುಗಿಸಿಬಿಡಿ.

ಎರಡನೆಯದು ವಮನಪ್ರಧಾನ ವರ್ಗ. ಇವರು ಅನಮೋಡ ಘಾಟಿನಲ್ಲೇ ಅರ್ಹತಾ ಪರೀಕ್ಷೆ ಪಾಸಾದವರು. ಕೋಣೆ ತೆಗೆದುಕೊಳ್ಳುವಾಗ ಮೇಲಿನ ಅಂತಸ್ತಿನ ಬಾಲ್ಕನಿಗೆ ಆಸೆಪಡದೆ ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆ ಕೇಳಬೇಕು. ಅಲ್ಲಿ ತೂಗಾಟ ಕಡಿಮೆ. ಗುಳಿಗೆಯನ್ನು ಹೊಟ್ಟೆ ತೊಳಸುವ ಮೊದಲೇ ನುಂಗಬೇಕು. ತೊಳಸಲು ಶುರುವಾದ ಮೇಲೆ ನುಂಗಿದ್ದು ಗುಳಿಗೆಯಾದರೂ ಹೊರಗೆ, ಸಿದ್ಧಾಂತವಾದರೂ ಹೊರಗೆ.

ಮೂರನೆಯದು ‘ರೊಕ್ಕಾ ಕೊಟ್ಟೇವಲ್ಲೋ’ ವರ್ಗ. ಬಫೆಯಲ್ಲಿ ಮೂರು ತಟ್ಟೆ ತುಂಬುವವರು. ಇವರ ಕುರಿತು ಬರೆಯಲು ಹೊರಟರೆ ಅವರ ಪೈಕಿ ಅರ್ಧದಷ್ಟು ಜನ ನನ್ನ ಬೀಗರೇ ಆಗುತ್ತಾರೆ. ಉಳಿದ ಆರು ವರ್ಗಗಳನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ. ನಿಜ ಹೇಳಬೇಕೆಂದರೆ ಅವು ಮೊದಲಿಂದಲೂ ಇರಲಿಲ್ಲ. ಒಂಬತ್ತು ಎಂದರೆ ಶಾಸ್ತ್ರೋಕ್ತವಾಗಿ ಕೇಳಿಸುತ್ತದೆಂದು ಬರೆದದ್ದು.

ಅಧ್ಯಾಯ ಐದು (ಮೂರು, ನಾಲ್ಕು ಮುಂದಿನ ಆವೃತ್ತಿಯಲ್ಲಿ): ಸುರಕ್ಷತಾ ಕವಾಯತಿನ ಜ್ಞಾನಮೀಮಾಂಸೆ. ಹಡಗು ಹತ್ತಿದವರನ್ನು ಹೊರಡುವ ಮೊದಲೇ ಒಂದು ಕಡೆ ಸೇರಿಸುತ್ತಾರೆ. ಅಪಾಯದ ಗಂಟೆ ಎಂಥದ್ದು, ಜೀವರಕ್ಷಕ ಅಂಗಿ ಹಾಕಿಕೊಳ್ಳುವುದು ಹೇಗೆ, ಯಾವ ದೋಣಿಯ ಹತ್ತಿರ ಓಡಬೇಕು ಎಂದು ತಿಳಿಸುತ್ತಾರೆ. ಅಷ್ಟೇ. ದೀಪ ಬೆಳಗಿಸುವುದಿಲ್ಲ. ಶಾಲು ಹೊದಿಸುವುದಿಲ್ಲ. ಜೀವರಕ್ಷಕ ಅಂಗಿಯ ಪರಿಚಯ ಮಾಡಿಕೊಡಲು ಇನ್ನೊಬ್ಬರು, ಆ ಇನ್ನೊಬ್ಬರ ಪರಿಚಯ ಮಾಡಿಕೊಡಲು ಮತ್ತೊಬ್ಬರು ಬರುವುದಿಲ್ಲ. ಆಶಯ ಭಾಷಣವಿಲ್ಲದೆ ಮನುಷ್ಯರಿಗೆ ಬದುಕುವ ದಾರಿ ತೋರಿಸಬಹುದೆಂದು ನಮ್ಮೂರಿನವರಿಗೆ ಮೊದಲ ಬಾರಿ ಗೊತ್ತಾಗುವುದು ಈ ಹಡಗಿನಲ್ಲೇ. ಹತ್ತು ಗಂಟೆಗೆಂದು ಅಚ್ಚಾದ ಸಂಕಿರಣ ಹನ್ನೊಂದೂವರೆಗೆ ಆರಂಭವಾಗಿ, ದೂರದ ಊರಿನಿಂದ ಬಸ್ಸು ಹಿಡಿದು ಬಂದ ಸಂಶೋಧನಾ ವಿದ್ಯಾರ್ಥಿನಿಗೆ ಸಂಜೆ ‘ಎರಡೇ ನಿಮಿಷದಾಗ ಮುಗಸವಾ’ ಎಂದು ಚೀಟಿ ಕಳಿಸುವ ಮಹನೀಯರನ್ನು ಒಮ್ಮೆ ಈ ಕವಾಯತಿಗೆ ನಿಲ್ಲಿಸಬೇಕು. ಬಂದರಿನಲ್ಲಿ ಇಳಿದು ಸುತ್ತಾಡಲು ಹೋದವರು ಹೇಳಿದ ವೇಳೆಗೆ ಮರಳದಿದ್ದರೆ ಹಡಗು ಬಿಟ್ಟುಹೋಗುತ್ತದೆ. ಮುಖ್ಯ ಅತಿಥಿಗಳಿಗಾಗಿಯೂ ಅದು ಕಾಯುವುದಿಲ್ಲ.

ಇದೇ ಅಧ್ಯಾಯಕ್ಕೆ ಸೇರಿಸಬಹುದಾದ ಸಣ್ಣಪುಟ್ಟ ಮಾತು: ಹಡಗಿನೊಳಗೆ ಖರ್ಚೆಲ್ಲ ಕಾರ್ಡಿನ ಮೇಲೆ ಬರೆಯಲಾಗುತ್ತದೆ, ನೋಟು ಎಣಿಸುವ ನೋವಿಲ್ಲ, ಆ ನೋವು ಇಳಿಯುವ ದಿನ ಒಟ್ಟಿಗೆ ಬರುತ್ತದೆ. ವೈಫೈ ತುಟ್ಟಿ. ಟಿಕೇಟಿನ ದರವೆಂದು ಜಾಹೀರಾತಿನಲ್ಲಿ ಕಂಡದ್ದು ತೆರಿಗೆ, ಬಂದರು ಶುಲ್ಕ, ಸೇವಾಶುಲ್ಕ ಕೂಡುವ ಮೊದಲಿನದು.

ಅಧ್ಯಾಯ ಆರು: ಜಲಸಂಚಯನ ಪ್ರಜ್ಞೆ. ಇದು ಈ ಪ್ರಬಂಧದ ಮೌಲಿಕ ಕೊಡುಗೆ. ದೊಡ್ಡ ಹಡಗುಗಳು ಸಮುದ್ರದ ನೀರನ್ನೇ ಭಟ್ಟಿ ಇಳಿಸಿಯೋ ಒತ್ತಡದಲ್ಲಿ ಸೋಸಿಯೋ ಸಿಹಿನೀರು ಮಾಡಿಕೊಳ್ಳುತ್ತವೆ. ಸುತ್ತ ಉಪ್ಪುನೀರು, ನಡುವೆ ಈಜುಕೊಳ, ಪ್ರತಿ ಕೋಣೆಯ ನಳದಲ್ಲೂ ಹಗಲೂರಾತ್ರಿ ಸಿಹಿನೀರು. ಹುಬ್ಬಳ್ಳಿಯಿಂದ ಹೋದ ನಮ್ಮ ಸೋದರತ್ತೆ ಕೋಣೆಯೊಳಗೆ ಹೋಗುತ್ತಲೇ ಮಾಡಿದ ಮೊದಲ ಕೆಲಸ ಬಕೀಟು ಹುಡುಕಿದ್ದು. ಬಕೀಟು ಇರಲಿಲ್ಲ. ಕುಡಿಯುವ ನೀರಿನ ಬಾಟಲಿ, ಐಸು ಇಡುವ ಪಾತ್ರೆ, ಫ್ಲಾಸ್ಕು, ಕೊನೆಗೆ ಹಲ್ಲುಜ್ಜುವ ಲೋಟ ಸಹ ತುಂಬಿಸಿಟ್ಟರು.

‘ಅತ್ತೀ, ಇಲ್ಲೆ ಇಪ್ಪತ್ನಾಕು ತಾಸೂ ಬರ್ತಾವು.’

‘ಹಂಗs ಅಂತಾರ್ಪಾ. ನಮ್ಮ ಓಣ್ಯಾಗೂ ಹಂಗs ಅಂದಿದ್ರು.’

ನಡುರಾತ್ರಿ ಎದ್ದು ನಳ ತಿರುವಿ ನೋಡಿ, ಬಂದಾವೆಂದು ಖಾತ್ರಿ ಮಾಡಿಕೊಂಡು ಮಲಗಿದರು. ಇದನ್ನು ಯಾವ ಪರಿಪ್ರೇಕ್ಷ್ಯದಲ್ಲಿ ಮರುಓದಬೇಕೆಂದು ನಾನು ತುಸು ಯೋಚಿಸಿದೆ. 2011ರ ಜನಗಣತಿಯಂತೆ 9.43 ಲಕ್ಷ ಜನರ ಊರು ನಮ್ಮದು. ಕುಡಿಯುವ ನೀರಿಗೆ ಮಲಪ್ರಭೆಯ ಮೇಲೆ, ಸವದತ್ತಿ ಹತ್ತಿರದ ನವಿಲುತೀರ್ಥದ ಅಣೆಕಟ್ಟಿನ ಮೇಲೆ ಕಣ್ಣಿಟ್ಟ ಊರು. ಕೆಲವು ವಾರ್ಡುಗಳಿಗೆ ನಿರಂತರ ನೀರು ಬಂದು ಬಹಳ ವರ್ಷವಾಯಿತು. ಉಳಿದ ಓಣಿಗಳಲ್ಲಿ ಹೆಂಗಸರು ಕಾಲ ಎಣಿಸುವುದೇ ನೀರಿನಿಂದ: ‘ನೀರು ಬಂದ ಮರುದಿನ’, ‘ನೀರಿನ ಹಿಂದಿನ ದಿನ’. ಮದುವೆಯ ಮುಹೂರ್ತವನ್ನೂ ಹಾಗೆಯೇ ನೋಡುವವರಿದ್ದಾರೆ.

ಅಧ್ಯಾಯ ಏಳು: ಮಾಂಡೋವಿ. ಹುಬ್ಬಳ್ಳಿ-ಧಾರವಾಡದ ನೂರಕ್ಕೆ ತೊಂಬತ್ತು ಮಂದಿಯ ಪಾಲಿಗೆ ಕ್ರೂಸೆಂದರೆ ಮುಂಬೈಯ ಹಡಗಲ್ಲ, ಪಣಜಿಯ ಸಾಂತಾ ಮೋನಿಕಾ ಜೆಟ್ಟಿಯಿಂದ ಸಂಜೆ ಹೊರಡುವ ತಾಸಿನ ದೋಣಿ. (ತೊಂಬತ್ತು ಎಂಬುದು ಸಂಶೋಧನಾ ವಿಧಾನದ ಪ್ರಕಾರ, ಅಂದರೆ ಅಂದಾಜು.) ಮೇಲಿನ ಅಟ್ಟದಲ್ಲಿ ಪ್ಲಾಸ್ಟಿಕ್ ಕುರ್ಚಿ, ಡೀಜೆ, ದೇಖಣಿ, ಫುಗಡಿ, ಪೋರ್ಚುಗೀಜರ ಕಾಲದ ಕುಣಿತ. ಮಧ್ಯೆ ಮಧ್ಯೆ ಮೈಕಿನವನು ಮೊದಲು ಮಕ್ಕಳನ್ನು, ಆಮೇಲೆ ಗಂಡಹೆಂಡಿರನ್ನು, ಕೊನೆಗೆ ಬರೀ ಗಂಡಸರನ್ನು ಕುಣಿಯಲು ಕರೆಯುತ್ತಾನೆ. ಕರ್ನಾಟಕದಿಂದ ಎಷ್ಟು ಮಂದಿ ಎಂದು ಕೂಗಿದರೆ ಅರ್ಧ ದೋಣಿ ಕೈಯೆತ್ತುತ್ತದೆ. ಆಗ ಒಂದು ಕನ್ನಡ ಹಾಡು. ಊರಲ್ಲಿ ಎಂದೂ ಕುಣಿಯದ ಹೈಸ್ಕೂಲು ಮಾಸ್ತರರು ಅಲ್ಲಿ ಕುಣಿಯುತ್ತಾರೆ. ಪಕ್ಕದಲ್ಲಿ ಕ್ಯಾಸಿನೊ ಹಡಗುಗಳ ದೀಪ, ತಲೆಯ ಮೇಲೆ 2019ರಲ್ಲಿ ಉದ್ಘಾಟನೆಯಾದ ಅಟಲ್ ಸೇತು.

ಕುಣಿಯುವುದು ಮಹದಾಯಿಯ ಮೇಲೆ. ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟಿ, ಕೆಳಗಿಳಿದು ಮಾಂಡೋವಿ ಎನಿಸಿಕೊಂಡ ಅದೇ ಹೊಳೆ. ಅದರ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿ, ಕುಡಿಯಲು ಕೊಡಿ ಎಂದು ನಾವು ಕೇಳುತ್ತ ಬಂದದ್ದು. ಗೋವಾ ಒಪ್ಪದೆ 2010ರಲ್ಲಿ ನ್ಯಾಯಮಂಡಳಿ ಕೂತಿತು. 2018ರ ಆಗಸ್ಟಿನಲ್ಲಿ ತೀರ್ಪು: ಕರ್ನಾಟಕಕ್ಕೆ 13.42 ಟಿಎಂಸಿ, ಅದರಲ್ಲಿ 8.02 ವಿದ್ಯುತ್ತಿಗೆ, ಮಲಪ್ರಭೆಗೆ ತಿರುಗಿಸಲು 3.9. ಆ 3.9 ಕೂಡ ನಮ್ಮ ನಳದವರೆಗೆ ಇನ್ನೂ ಬಂದಿಲ್ಲ. ಗೋವಾದವರ ಮಾತನ್ನು ತಳ್ಳಿಹಾಕುವಂತಿಲ್ಲ; ಮೇಲಿನ ಸಿಹಿನೀರು ಕಡಿಮೆಯಾದರೆ ಭರತದ ಉಪ್ಪು ಇನ್ನಷ್ಟು ಒಳಗೆ ಏರುತ್ತದೆ, ಕಾಡಿಗೂ ಪೆಟ್ಟು. ವಾದ ಮಾಡಲಿ, ಅದು ಅವರ ಹಕ್ಕು. ಆದರೆ 2016ರ ಜುಲೈನಲ್ಲಿ ನ್ಯಾಯಮಂಡಳಿಯ ಮುಂದೆ ಕರ್ನಾಟಕದ ಮಧ್ಯಂತರ ಅರ್ಜಿ ಬಿದ್ದುಹೋದ ಬೆನ್ನಿಗೆ ನವಲಗುಂದ ತಾಲೂಕಿನ ಯಮನೂರಿನಲ್ಲಿ ಮನೆ ಹೊಕ್ಕು ಮುದುಕರನ್ನು, ಹೆಂಗಸರನ್ನು ಬಡಿದ ಪೊಲೀಸರು ಗೋವಾದವರಲ್ಲ, ನಮ್ಮವರೇ. ನೀರು ಕೇಳಿದ್ದಕ್ಕೆ. 1980ರ ಜುಲೈನಲ್ಲಿ ರೈತರ ಮೇಲೆ ಗುಂಡು ಹಾರಿದ ಸೀಮೆಯಲ್ಲೇ. ಯಮನೂರಿನ ಸುದ್ದಿ ಓದಿದ ವರ್ಷ ನಾನು ಕೇಳಿದ ಒಂದು ಪ್ರಬಂಧದ ವಿಷಯ ನದಿಯ ಸಾಂಸ್ಕೃತಿಕ ಪಠ್ಯ ಮತ್ತು ಬಹುತ್ವ. ಮಂಡಿಸಿದವರು ನಲವತ್ತು ನಿಮಿಷ ಮಾತಾಡಿದರು, ಯಮನೂರಿನ ಹೆಸರು ಬರಲಿಲ್ಲ, ಮಹದಾಯಿಯ ಹೆಸರೂ ಬರಲಿಲ್ಲ, ಫ್ರಾನ್ಸಿನ ಇಬ್ಬರ ಹೆಸರು ಬಂತು. ಸಭಾಭವನದ ಸಂಡಾಸದಲ್ಲಿ ನೀರಿರಲಿಲ್ಲ. ಆ ಮಾತುಗಳಿಂದ ಒಂದು ತಂಬಿಗೆ ತುಂಬಿದ್ದರೂ ನಾನು ಚಪ್ಪಾಳೆ ಹೊಡೆಯುತ್ತಿದ್ದೆ.

ಪರಿಪ್ರೇಕ್ಷ್ಯ ಎಲ್ಲಿಗೆ ಬಂದಿತ್ತೋ ಮರೆತುಹೋಯಿತು. ಉಪಸಂಹಾರ ಬರೆಯುವುದಿಲ್ಲ. ಯಾವ ಟ್ರಾವೆಲ್ ಏಜೆಂಟನೂ ಹೇಳದ ಒಂದು ಸೂಚನೆ ಉಳಿದಿದೆ, ಹೇಳಿಬಿಡುತ್ತೇನೆ. ಟಿಕೇಟು ತೆಗೆಸುವ ಮುಂಚೆ ವಾಲ್ವಮನ್‌ನನ್ನು ಕಂಡು ನಿಮ್ಮ ಓಣಿಗೆ ನೀರು ಬಿಡುವ ದಿನ ಕೇಳಿಕೊಳ್ಳಿ. ಆತ ‘ಹೇಳಾಕ ಬರೂದಿಲ್ರೀ’ ಎಂದರೆ, ಹಾಗೆಯೇ ಎನ್ನುತ್ತಾನೆ, ಕೀಲಿಕೈಯನ್ನು ಪಕ್ಕದ ಮನೆಯ ವೈನಿಯವರ ಕೈಲಿ ಕೊಡಿ. ‘ನೀರು ಬಂದ್ರ ಮೊದಲ ಸಿಂಟೆಕ್ಸ್ ತುಂಬ್ರಿ ವೈನಿ, ಆಮ್ಯಾಲ ಬ್ಯಾರಲ್, ಕೊಡ ಕಡೀಕ’ ಎಂದು ಕ್ರಮ ತಿಳಿಸಿ. ಬರುವಾಗ ಅವರಿಗೆ ಗೋವಾದಿಂದ ಅರ್ಧ ಕಿಲೋ ಗೋಡಂಬಿ ತರಬೇಕಾಗುತ್ತದೆ. ಅದನ್ನೂ ಪ್ರವಾಸದ ಖರ್ಚಿನಲ್ಲೇ ಬರೆದುಕೊಳ್ಳಿ.