ನೀಲಿ ಗಾಜಿನ ಉಸಾಬರಿ

ಅಂಗಡಿಯವರು ಟಿವಿಯನ್ನು 'ವಿವಿಡ್' ಮೋಡಿನಲ್ಲಿ ಮೆರೆಸಿ ಮಾರುತ್ತಾರೆ. ಮನೆಗೆ ಬಂದ ಮೇಲೂ ಅದೇ ಮೆರವಣಿಗೆ: ವಾರ್ತೆ ಓದುವಾಕೆಯ ಕೆನ್ನೆ ಕುಂಕುಮಗೆಂಪು, ಕ್ರಿಕೆಟ್ ಮೈದಾನ ಗಿಳಿಹಸಿರು. ಇದನ್ನು ತಿದ್ದಲೆಂದೇ ಕ್ಯಾಲಿಬ್ರೇಷನ್ ಡಿಸ್ಕುಗಳಿವೆ.

ಆದರೆ ಯಾವುದು? ಜೋ ಕೇನ್ ಅವರ 'ಡಿಜಿಟಲ್ ವಿಡಿಯೊ ಎಸೆನ್ಷಿಯಲ್ಸ್' ಹಳೇ ಕಾಲದ ಮೇಷ್ಟ್ರ ಹಾಗೆ. ಪಾಠ ಕೇಳಿಸದೆ ಬಿಡುವುದಿಲ್ಲ. ಡಿಸ್ನಿಯ 2010ರ 'ವರ್ಲ್ಡ್ ಆಫ್ ವಂಡರ್' ನಮ್ಮಂಥವರ ಕೈಹಿಡಿದು ನಡೆಸುತ್ತದೆ. ನನ್ನ ಓಟು ಅದಕ್ಕೇ. ಸ್ಪಿಯರ್ಸ್–ಮನ್ಸಿಲ್ ಜೋಡಿಯ ಡಿಸ್ಕು ಹುಚ್ಚು ನೆತ್ತಿಗೇರಿದವರಿಗೆ. ಜಿಪುಣರೂ ನಿರಾಶರಾಗಬೇಕಿಲ್ಲ, ಕೆಲವು ಸಿನಿಮಾ ಡಿವಿಡಿಗಳ ಮೆನುವಿನಲ್ಲೇ ಟಿಎಚ್‌ಎಕ್ಸ್ ಆಪ್ಟಿಮೈಜರ್ ಪುಕ್ಕಟೆ ಕೂತಿರುತ್ತದೆ.

ಮೊದಲು ಬ್ರೈಟ್‌ನೆಸ್. ಡಿಸ್ಕು ತೆರೆಯ ಮೇಲೆ ತೋರಿಸುವ ಪಟ್ಟಿಗಳಲ್ಲಿ ಕಪ್ಪಿಗಿಂತ ಕಪ್ಪಾದದ್ದು ಮಾಯವಾಗಬೇಕು, ಪಕ್ಕದ್ದು ಮಾತ್ರ ಮಸುಕಾಗಿ ಕಾಣಬೇಕು. ಇದಕ್ಕೆ ಕೋಣೆ ಕತ್ತಲಾಗಬೇಕು. ದೀಪ ಆರಿಸಿದ ಕೂಡಲೇ ಮನೆಯಲ್ಲಿ ಎಲ್ಲರಿಗೂ ಏನಾದರೊಂದು ಹುಡುಕುವುದಿರುತ್ತದೆ. ಆಮೇಲೆ ಬಣ್ಣ: ನೀಲಿ ಫಿಲ್ಟರನ್ನು ಕಣ್ಣಿಗೊತ್ತಿ ಪಟ್ಟಿಗಳನ್ನು ಸರಿದೂಗಿಸಬೇಕು. ಆ ಹೊತ್ತಿಗೆ ನೆಂಟರು ಬಾರದಿದ್ದರೆ ಪುಣ್ಯ.

ಎಲ್ಲ ಮುಗಿದು 6500 ಕೆಲ್ವಿನ್ನಿನ ಆಸುಪಾಸಿನ ಶಾಸ್ತ್ರೋಕ್ತ ಬಿಳುಪು ಬಂದಾಗ ಮನೆಯವರ ತೀರ್ಪು: "ಟಿವಿ ಯಾಕ್ರೀ ಹಳದಿಯಾಗಿದೆ? ರಿಪೇರಿಯವರನ್ನ ಕರೀರಿ."

ರಿಮೋಟನ್ನು ವಾರದ ಮಟ್ಟಿಗೆ ಬಚ್ಚಿಡುವುದು ಕ್ಷೇಮ.