ನೆಲ ಡೊಂಕೇ ಸ್ವಾಮಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕಟ್ಟಿದವರು ಗಾಲ್ಫ್ ಆಡಿದವರಲ್ಲ. ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲುಹಾಸಿದೆಯಲ್ಲ, ಗ್ರೀನ್ ಅನ್ನುತ್ತಾರೆ, ಅಲ್ಲಿ ನೆಲ ನಿಜವಾಗಿಯೂ ಡೊಂಕು. ಡೊಂಕಾಗಿರಲಿ ಎಂದೇ ದುಡ್ಡು ಸುರಿದು ಮಾಡಿಸಿರುತ್ತಾರೆ. ಹಾಗಾಗಿ ಚೆಂಡು ಕುಳಿಯ ಅಂಚು ಸವರಿಕೊಂಡು ಹೋದಾಗ ನೆಲವನ್ನು ಬೈಯುವುದು ನಮ್ಮಲ್ಲಿ ಶಾಸ್ತ್ರಸಮ್ಮತ. ನೆಲದ ಸರದಿ ಮುಗಿದರೆ ಗಾಳಿ, ಅದೂ ಮುಗಿದರೆ ಚೀಲ ಹೊರುವ ಕ್ಯಾಡಿ. ಕೈಯಲ್ಲಿರುವ ಕೋಲನ್ನು ಮಾತ್ರ ಯಾರೂ ಅನುಮಾನಿಸುವುದಿಲ್ಲ.

ಚೀಲದಲ್ಲಿ 14 ಕೋಲು ಇಟ್ಟುಕೊಳ್ಳಬಹುದು. ಚೆಂಡನ್ನು ದೂರ ಹಾರಿಸುವ ಡ್ರೈವರ್ ಕೊಳ್ಳುವಾಗ ನಮ್ಮವರು ಮದುವೆಗೆ ವರ ನೋಡುವಷ್ಟು ವಿಚಾರಿಸುತ್ತಾರೆ. ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಮಾತ್ರ ಯಾರೋ ಕೊಟ್ಟದ್ದು, ಎಲ್ಲೋ ರಿಯಾಯಿತಿಯಲ್ಲಿ ಸಿಕ್ಕಿದ್ದು. ಆದರೆ ಇಡೀ ಆಟಕ್ಕೆ 72 ಹೊಡೆತ ಎನ್ನುವ ಪಾರ್ ಲೆಕ್ಕ ಕಟ್ಟಿರುವುದೇ ಪ್ರತಿ ಕುಳಿಗೆ ಎರಡು ಪಟ್, ಅಂದರೆ ಪಟರಿನ ಎರಡು ಹೊಡೆತ ಎಂದು. 18 ಕುಳಿಗೆ 36, ಅಂದರೆ ಸರಿಯಾಗಿ ಅರ್ಧ ಆಟ. ಕುಳಿಯ ಅಗಲ ನಾಲ್ಕೂಕಾಲು ಇಂಚು, ಚೆಂಡಿನದು 1.68. ಎರಡೂವರೆ ಚೆಂಡು ಹಿಡಿಸುವ ಬಾಯಿ! ನೋಡಿದರೆ ತಾನಾಗಿಯೇ ಉರುಳಿ ಬೀಳಬೇಕು ಅನ್ನಿಸುತ್ತದೆ.

2021ರ ಆಗಸ್ಟ್‌ನ ಒಂದು ಶನಿವಾರ ಬೆಳಗ್ಗೆ, ಗಾಲ್ಫ್ ಎಂದರೆ ಮೂಗು ಮುರಿಯುತ್ತಿದ್ದವರೂ ಟಿವಿ ಮುಂದೆ ಕೂತಿದ್ದರು. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತು ಆಡುತ್ತಿದ್ದಳು. ದೂರ ಹೊಡೆಯುವುದರಲ್ಲಿ ಎದುರಾಳಿಗಳು ಮುಂದಿದ್ದರು. ಗ್ರೀನ್ ತಲುಪಿದ ಮೇಲೆ ಈಕೆಯ ಪಟರ್ ಆ ಸಾಲವನ್ನೆಲ್ಲ ತೀರಿಸುತ್ತಿತ್ತು. ಒಂದೇ ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯ ಸ್ಥಾನ ಬಂತು. ನಮ್ಮ ಮನೆಯಲ್ಲಿ ಅವತ್ತು ಉಪ್ಪಿಟ್ಟು ತಳ ಹಿಡಿಯಿತು.

ಪಟರನ್ನು ಮೈಗೆ ಅಳತೆ ಮಾಡಿ ಹೊಂದಿಸಿಕೊಡುವ ಕೋಣೆಗೆ ನಾನು ಹೋದದ್ದು ತುಸು ಅನುಮಾನದಿಂದಲೇ. ಕಂಬಳಿ ಹಾಸಿದ ನೆಲ, ಒಂದು ಕ್ಯಾಮೆರಾ, ನನ್ನ ಅರ್ಧ ವಯಸ್ಸಿನ ಹುಡುಗ. ಇನ್ನು ನಿಲುವು ತಿದ್ದುತ್ತಾನೆ, ಮಣಿಕಟ್ಟು ತಿದ್ದುತ್ತಾನೆ ಎಂದುಕೊಂಡೆ. "ನೀವು ಏನೂ ಯೋಚ್ನೆ ಮಾಡ್ಬೇಡಿ ಸರ್, ದಿನಾ ಹೊಡೆಯೋ ಹಾಗೇ ಹೊಡೀರಿ" ಅಂದ. ಒಳ್ಳೆಯ ದರ್ಜಿ ಹೊಟ್ಟೆ ಕರಗಿಸಿಕೊಂಡು ಬಾ ಅನ್ನುವುದಿಲ್ಲ, ಟೇಪನ್ನೇ ಸಡಿಲ ಹಿಡಿಯುತ್ತಾನೆ.

ಪಟರಿನ ಮುಖಕ್ಕೆ ಒಂದು ಪುಟ್ಟ ಕನ್ನಡಿ ಅಂಟಿಸಿದ. ಎದುರಿಗೆ ಕುಳಿಯ ಜಾಗದಲ್ಲಿ ಲೇಸರ್. ನಾನು ಗುರಿ ಹಿಡಿದು ನಿಂತೆ; ನೇರ ಎಂದು ಆಣೆ ಮಾಡಲೂ ಸಿದ್ಧನಿದ್ದೆ. ಕನ್ನಡಿಗೆ ಬಡಿದು ವಾಪಸಾದ ಕೆಂಪು ಚುಕ್ಕೆ ಕುಳಿಯಿಂದ ಗೇಣುದ್ದ ಎಡಕ್ಕೆ ಹೋಗಿ ಕೂತಿತು. ಹುಡುಗ ಏನೂ ಹೇಳದೆ ಬೇರೆ ಪಟರ್ ಕೊಟ್ಟ. ಅದರ ತಲೆಯ ಮೇಲೆ ಗುರಿಗೆ ನೆರವಾಗಲೆಂದು ಎಳೆಯುವ ಬಿಳಿ ಗೆರೆಯೇ ಇರಲಿಲ್ಲ. ಚುಕ್ಕೆ ಕುಳಿಯೊಳಗೇ ಬಂತು. ದಾರಿ ತೋರಿಸುವ ಗೆರೆಯೇ ನನ್ನ ಕಣ್ಣನ್ನು ದಾರಿ ತಪ್ಪಿಸುತ್ತಿತ್ತು! ಪಕ್ಕದವನಿಗೆ ಅದೇ ಗೆರೆ ದೀಪವಾಗಿರಬಹುದು, ಕಣ್ಣು ಅವರವರದು.

ಆಮೇಲೆ ಹೊಡೆತದ ದಾರಿ. ಕೆಲವರ ಪಟರ್ ಸೀದಾ ಹಿಂದೆ ಹೋಗಿ ಸೀದಾ ಮುಂದೆ ಬರುತ್ತದೆ. ಹೆಚ್ಚಿನವರದು ಬಾಗಿಲಿನಂತೆ ಸ್ವಲ್ಪ ತೆರೆದು ಮುಚ್ಚುತ್ತದೆ. ಕೋಲಿನ ದಂಡವನ್ನು ಬೆರಳ ಮೇಲೆ ಅಡ್ಡಲಾಗಿ ತೂಗಿ ನೋಡಿ: ಕೆಲವು ಪಟರುಗಳ ಮುಖ ಆಕಾಶ ನೋಡುತ್ತದೆ, ಕೆಲವುಗಳ ತುದಿ ನೆಲಕ್ಕೆ ಜೋತು ಬೀಳುತ್ತದೆ. ಸೀದಾ ಹೊಡೆಯುವವರಿಗೆ ಮೊದಲನೆಯದು, ನನ್ನಂಥ ಬಾಗಿಲಿನವರಿಗೆ ಎರಡನೆಯದು. ಇದು ಮಾಮೂಲಿ ಲೆಕ್ಕ, ಕಟ್ಟಪ್ಪಣೆಯೇನಲ್ಲ. ಮುಖಕ್ಕೆ ಮೂರು ನಾಲ್ಕು ಡಿಗ್ರಿ ಓರೆ ಇರುವುದಕ್ಕೂ ಕಾರಣವಿದೆ. ಚೆಂಡು ತನ್ನ ಭಾರಕ್ಕೆ ಹುಲ್ಲಿನಲ್ಲಿ ಕೂದಲೆಳೆಯಷ್ಟು ಹೂತು ಕೂತಿರುತ್ತದೆ. ಅದನ್ನು ಎಬ್ಬಿಸಿ ಉರುಳಿಸಬೇಕು.

ಈ ವಿದ್ಯೆಯ ಬೇರು ಒಬ್ಬ ಎಂಜಿನಿಯರನ ಗ್ಯಾರೇಜಿನಲ್ಲಿದೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಕಾರ್ಸ್ಟನ್ ಸೋಲ್‌ಹೈಮ್ ಜನರಲ್ ಎಲೆಕ್ಟ್ರಿಕ್‌ನಲ್ಲಿ ಕೆಲಸಕ್ಕಿದ್ದ. ಪಟ್ ಬೀಳದೆ ರೋಸಿ, ನೆಲ ಬೈಯುವುದನ್ನು ಬಿಟ್ಟು ಕೋಲನ್ನೇ ಬಿಚ್ಚಿ ನೋಡಿದ. ಭಾರವನ್ನು ತಲೆಯ ಎರಡೂ ತುದಿಗೆ ಹಂಚಿದರೆ ಚೆಂಡು ನಟ್ಟನಡುವೆ ತಾಗದಿದ್ದರೂ ಮುಖ ತಿರುಗುವುದು ಕಡಿಮೆ ಎಂದು ಕಂಡುಕೊಂಡ. 1959ರ ಅವನ ಪಟರ್ ಚೆಂಡಿಗೆ ತಾಗಿದರೆ 'ಪಿಂಗ್' ಎನ್ನುತ್ತಿತ್ತು, ಕಂಪನಿಗೂ ಅದೇ ಹೆಸರಾಯಿತು. 1966ರ 'ಆನ್ಸರ್' ಪಟರಿನ ಚಿತ್ರವನ್ನು ಅವನು ಮೊದಲು ಬರೆದದ್ದು ಗ್ರಾಮಫೋನ್ ತಟ್ಟೆಯ ಲಕೋಟೆಯ ಮೇಲೆ. ಇಂದಿಗೂ ಎಷ್ಟೋ ಕಂಪನಿಗಳು ಅದೇ ಅಚ್ಚಿನ ಮೇಲೆ ಎರಕ ಹೊಯ್ಯುತ್ತಿವೆ.

ಹೊಂದಿಕೆಗೂ ನಿಯಮದ ಮಿತಿ ಇದೆ. ಸ್ಯಾಮ್ ಸ್ನೀಡ್‌ನಂಥ ದಿಗ್ಗಜ ಮುಪ್ಪಿನಲ್ಲಿ ಕೈ ನಡುಗತೊಡಗಿದಾಗ, ಚೆಂಡಿನ ಗೆರೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ನಡುವಿನಿಂದ ಹೊಡೆಯಲು ಶುರುಮಾಡಿದ. 1968ರಲ್ಲಿ ಅದಕ್ಕೆ ನಿಷೇಧ ಬಂತು. ಎರಡೂ ಕಾಲನ್ನು ಗೆರೆಯ ಒಂದೇ ಬದಿಗೆ ತಂದು ಆಟ ಮುಂದುವರಿಸಿದ, ಗಟ್ಟಿ ಆಸಾಮಿ.

"ನಮ್ ಕಾಲದಲ್ಲಿ ಇದೆಲ್ಲಾ ಎಲ್ಲಿತ್ತು ಮಾರಾಯ, ಕೈ ಪಳಗಬೇಕು" ಎನ್ನುವ ಹಿರಿಯರು ಪ್ರತಿ ಕ್ಲಬ್ಬಿನಲ್ಲೂ ಸಿಗುತ್ತಾರೆ. ಕೈ ಪಳಗಬೇಕು, ನಿಜ. ಆದರೆ ಉದ್ದ ಹೆಚ್ಚಾದ ಕೋಲಿನಲ್ಲಿ ತಲೆಯ ತುದಿ ಮೇಲೆದ್ದು, ಬಲಗೈ ಆಟಗಾರನ ಪಟರಿನ ಮುಖ ಎಡಕ್ಕೆ ನೋಡುತ್ತದೆ. ಅದರಲ್ಲಿ ಪಳಗಿದ ಕೈ ತಪ್ಪನ್ನೇ ಅಚ್ಚುಕಟ್ಟಾಗಿ ಮಾಡುತ್ತದೆ, ಅಷ್ಟೆ.

ಹಾಗಂತ ಹೊಸ ಪಟರಿಗೆ ದುಡ್ಡು ಸುರಿಯಲು ಓಡಬೇಡಿ. ಇರುವುದನ್ನೇ ಒಯ್ದು ಮೊದಲು ಉದ್ದ ನೋಡಿಸಿ. ಬಹಳ ಸಲ ಒಂದು ಇಂಚು ಕತ್ತರಿಸಿ, ಕುತ್ತಿಗೆ ಎರಡು ಡಿಗ್ರಿ ಬಗ್ಗಿಸಿದರೆ ಸಾಕಾಗುತ್ತದೆ. ಕತ್ತರಿಸಿದ ಮೇಲೆ ತಲೆ ಹಗುರ ಅನ್ನಿಸಿದರೆ ಅಡಿಗೆ ಸೀಸದ ಪಟ್ಟಿ ಅಂಟಿಸಿಕೊಡುತ್ತಾರೆ, ಕೇಳಿ ಹಾಕಿಸಿಕೊಳ್ಳಿ.