ಕಂಟ್ರೋಲ್ ರೂಮಿನಲ್ಲಿ ಅಪ್ಪ

2013ರಲ್ಲಿ ಬಂದ ‘ಆಫ್ಟರ್ ಅರ್ಥ್’ ಚಿತ್ರವನ್ನು ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ಮರುವರ್ಷ ಹಾಲಿವುಡ್ಡಿನ ಕಳಪೆಗಳಿಗೆಂದೇ ಇರುವ ರಾಜಿ ಪ್ರಶಸ್ತಿಯಲ್ಲಿ ಅಪ್ಪ ವಿಲ್ ಸ್ಮಿತ್‌ಗೆ ಒಂದು, ಮಗ ಜೇಡನ್‌ಗೆ ಒಂದು, ಸಾಲದ್ದಕ್ಕೆ ಕೆಟ್ಟ ಜೋಡಿ ಎಂದು ಇಬ್ಬರಿಗೂ ಸೇರಿಸಿ ಇನ್ನೊಂದು. ಆ ತೀರ್ಪುಗಾರರ ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿಲ್ಲವೆಂದು ಕಾಣುತ್ತದೆ. ಇದ್ದಿದ್ದರೆ ಪೇರೆಂಟ್ಸ್ ಮೀಟಿಂಗಿನಲ್ಲಿ ಇದನ್ನು ಕಡ್ಡಾಯವಾಗಿ ತೋರಿಸಿ ಎನ್ನುತ್ತಿದ್ದರು.

ಮನುಷ್ಯರು ಭೂಮಿ ಬಿಟ್ಟು ಸಾವಿರ ವರ್ಷವಾಗಿದೆ. ಈಗ ವಾಸ ನೋವಾ ಪ್ರೈಮ್ ಎಂಬ ಗ್ರಹದಲ್ಲಿ. ಅಪ್ಪ ಸೈಫರ್ ಅಲ್ಲಿನ ಜನರಲ್, ಮಗ ಕಿಟಾಯ್ ರೇಂಜರ್ ಪರೀಕ್ಷೆಯಲ್ಲಿ ಫೇಲು. ಎಷ್ಟೋ ದಿನಕ್ಕೆ ಮನೆಗೆ ಬಂದ ಅಪ್ಪನ ಮುಂದೆ ಹುಡುಗ ಸೆಟೆದು ನಿಂತು ರಿಸಲ್ಟ್ ಒಪ್ಪಿಸುತ್ತಾನೆ. ಗ್ರಹ ಬದಲಾದರೂ ಗ್ರಹಚಾರ ಅದೇ. ಆಮೇಲೆ ಇಬ್ಬರೂ ಹೊರಟ ನೌಕೆ ಭೂಮಿಗೇ ಬೀಳುತ್ತದೆ, ಅಪ್ಪನ ಎರಡೂ ಕಾಲು ಮುರಿಯುತ್ತವೆ. ಸಹಾಯ ಕೇಳುವ ಯಂತ್ರ ಇರುವುದು ಮುರಿದುಬಿದ್ದ ಬಾಲದಲ್ಲಿ, ಸುಮಾರು 100 ಕಿಲೋಮೀಟರ್ ಆಚೆ. ನಡೆಯಬೇಕಾದವನು ಮಗ.

ಅಪ್ಪನೇನು ಸುಮ್ಮನೆ ಕೂತನೇ? ಮಗನ ಎದೆಬಡಿತ, ಕಣ್ಣಿಗೆ ಕಂಡ ದೃಶ್ಯ, ಮುಂದೆ ಬರುವ ಪ್ರಾಣಿ, ಎಲ್ಲವೂ ಅವನ ಪರದೆಯ ಮೇಲೆ. ಶಾಲೆಯ ಆ್ಯಪು, ಬಸ್ಸಿನ ಜಿಪಿಎಸ್ಸು, ತರಗತಿಯ ಸಿಸಿಟಿವಿ ಎಂದು ನಾವು ಮೂರು ಕಡೆ ಇಣುಕಿ ಸಾಯುವುದನ್ನು ಅವನು ಒಂದೇ ಕಡೆ ಕೂತು ನೋಡುತ್ತಾನೆ. ಉಸಿರಾಟದ ಕ್ಯಾಪ್ಸೂಲುಗಳು ಒಡೆದುಹೋದದ್ದನ್ನು ಹುಡುಗ ಮುಚ್ಚಿಡುತ್ತಾನೆ. ಅಪ್ಪ ಕಂಡುಹಿಡಿಯುತ್ತಾನೆ. ನನಗೆ ಆನಂದಬಾಷ್ಪ ಬಂದದ್ದು ಅಲ್ಲೇ.

ಒಂದು ತಕರಾರು ಮಾತ್ರ ಇದೆ. ರಾತ್ರಿಯಾದರೆ ಹೆಪ್ಪುಗಟ್ಟುವ ಕಾಡಿಗೆ ಮಗನನ್ನು ಕಳಿಸುವಾಗ ಸ್ವೆಟರ್ ಇಲ್ಲ, ಮಫ್ಲರ್ ಇಲ್ಲ, ಡಬ್ಬಿಗೆ ಚಿತ್ರಾನ್ನವೂ ಇಲ್ಲ. ಕಡೆಗೆ ಅವನನ್ನು ಚಳಿಯಿಂದ ಕಾಪಾಡಿದ್ದು ಮರಿಗಳನ್ನು ಕಳೆದುಕೊಂಡ ಒಂದು ದೈತ್ಯ ಹಕ್ಕಿ. ಪಾಪ, ತಾನೇ ಸತ್ತಿತು. ರ್‍ಯಾಂಕ್ ಎಷ್ಟು ಎಂದು ಕೇಳಲಿಲ್ಲ.

ಇನ್ನು ಅರ್ಸಾ ಎಂಬ ಮೃಗ. ಅದಕ್ಕೆ ಕಣ್ಣು ಕಾಣದು, ಮನುಷ್ಯನ ಭಯದ ವಾಸನೆ ಹಿಡಿದೇ ಬೇಟೆ. ಇದೆಲ್ಲ ಬರೀ ಕಲ್ಪನೆ ಎನ್ನುವವರು ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮರುದಿನ ಯಾವುದಾದರೂ ಕೋಚಿಂಗ್ ಸೆಂಟರಿನ ಅಡ್ಮಿಷನ್ ಕೌಂಟರಿನಲ್ಲಿ ನಿಂತು ನೋಡಲಿ. ಮಗುವಿನ ಕಡೆ ಅಲ್ಲಿ ಯಾರೂ ಕಣ್ಣೆತ್ತುವುದಿಲ್ಲ. ಅಪ್ಪನ ಬೆವರು ಮೂಗಿಗೆ ಬಡಿದರೆ ಸಾಕು. “ನೀಟ್ ಒಂದೇನಾ ಸಾರ್? ಜೆಇಇನೂ ಸೇರಿಸಿಬಿಡೋಣ, ಸೇಫ್ಟಿಗೆ. ಚಿಕ್ಕವನೂ ಇದಾನಾ? ಎಂಟನೇ ಕ್ಲಾಸಾ? ಅಯ್ಯೋ, ಲೇಟ್ ಮಾಡ್ಬಿಟ್ರಲ್ಲ!” ಭಯವೇ ಇಲ್ಲದವನು ಅರ್ಸಾಗೆ ಗೊತ್ತೇ ಆಗುವುದಿಲ್ಲವಂತೆ. ಅಪಾಯ ನಿಜ, ಭಯ ಮಾತ್ರ ನಾವೇ ತಂದುಕೊಂಡದ್ದು ಎಂಬುದು ಸೈಫರನ ಉಪದೇಶ. ಇಂಥದ್ದನ್ನೆಲ್ಲ ಮಕ್ಕಳ ಎದುರು ಆಡಬಾರದು. ಭಯ ಹೋದರೆ ಓದುವವರು ಯಾರು? ಮೂರನೇ ಕಂತು ಕಟ್ಟುವವರು ಯಾರು?

ಚಿತ್ರ ಕೆಡುವುದು ನಡುವಿನಿಂದ. ಮಿಷನ್ ಮುಗಿಯಿತು, ವಾಪಸ್ ಬಾ ಎಂದು ಅಪ್ಪ ಹೇಳಿದರೆ ಮಗ ಎದುರು ಮಾತಾಡಿ ಬೆಟ್ಟದಿಂದ ಹಾರುತ್ತಾನೆ. ಅಪ್ಪನ ದನಿ ಕೇಳಿಸದಂತಾಗುತ್ತದೆ. ದನಿ ನಿಂತ ಮೇಲೇ ಹುಡುಗ ಸರಿಯಾಗಿ ದಾರಿ ಹಿಡಿಯುತ್ತಾನೆ, ಅರ್ಸಾನನ್ನೂ ಕೊಲ್ಲುತ್ತಾನೆ! ಇಂಥ ದೊಡ್ಡ ತಪ್ಪು ಕಥೆ ಬರೆದ ವಿಲ್ ಸ್ಮಿತ್ ಕಣ್ಣಿಗೂ ಬಿದ್ದಿಲ್ಲ, ನಿರ್ದೇಶಕ ಶ್ಯಾಮಲನ್ ಕಣ್ಣಿಗೂ ಬಿದ್ದಿಲ್ಲ. ಶ್ಯಾಮಲನ್ ನಮ್ಮ ಕರಾವಳಿಯ ಕೆಳಗಿನ ಮಾಹೆಯಲ್ಲಿ ಹುಟ್ಟಿದವರು. ಅಪ್ಪ ಡಾಕ್ಟರು, ಅಮ್ಮನೂ ಡಾಕ್ಟರು, ಮಗ ಸಿನಿಮಾಕ್ಕೆ ಹೋದ. ಅವರಿಂದ ಇನ್ನೇನು ನಿರೀಕ್ಷಿಸುವುದು?

ಕೊನೆಯದಂತೂ ಸಹಿಸಲಸಾಧ್ಯ. ಅಪ್ಪ ತನ್ನನ್ನು ಎತ್ತಿ ನಿಲ್ಲಿಸಲು ಹೇಳಿ ಮಗನಿಗೆ ಸೆಲ್ಯೂಟ್ ಹೊಡೆಯುತ್ತಾನೆ. ಇನ್ನೇನು ರೇಂಜರ್ ಸೀಟು ಕೈಗೆ ಬಂತು ಎನ್ನುವಾಗ ಹುಡುಗ, ತಾನು ಅಮ್ಮನ ಜೊತೆ ಕೆಲಸ ಮಾಡುತ್ತೇನೆ ಎಂದುಬಿಡುತ್ತಾನೆ. ಜನರಲ್ ಸಾಹೇಬರು ಬೈಯುವುದು ಬಿಟ್ಟು, ನನಗೂ ಅದೇ ಆಸೆ ಎನ್ನುತ್ತಾರೆ. ಹೊಡೆದಾಟವಿದೆ, ಮನಸ್ಸು ಕದಡುವ ದೃಶ್ಯಗಳಿವೆ ಎಂದು ಪಿಜಿ-13 ಕೊಟ್ಟು ಹೆತ್ತವರನ್ನು ಎಚ್ಚರಿಸಿದ ಅಮೆರಿಕದವರು ಈ ಸಂಭಾಷಣೆಯ ಬಗ್ಗೆ ಒಂದಕ್ಷರ ಹೇಳಿಲ್ಲ.